ಮಾಲಿನ್ಯದ ಖರ್ಚು ಯಾರ ಲೆಕ್ಕಕ್ಕೆ?

ಸಂಘದ ಸಭೆಗಳಲ್ಲಿ ಓದಿ ಚರ್ಚಿಸಲು ಅಧ್ಯಯನ ಪಾಠ



ಪರಿಸರ ಅಂದ ಕೂಡಲೇ ನಮಗೆ ನೆನಪಾಗುವುದು ಗಿಡ ನೆಡುವ ಕಾರ್ಯಕ್ರಮ, ಪ್ಲಾಸ್ಟಿಕ್ ವಿರುದ್ಧದ ಜಾಥಾ, ಜೂನ್ 5ರ ಭಾಷಣ. ಇವೆಲ್ಲ ಬೇಕು, ಬೇಡ ಅಂತ ಹೇಳುವುದಿಲ್ಲ. ಆದರೆ ಊರ ಪಕ್ಕದ ಕಾರ್ಖಾನೆಯಿಂದ ಬಾವಿ ನೀರು ಕೆಟ್ಟರೆ ಜಾಥಾ ಮಾಡಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ. ಆಗ ಕೇಳಬೇಕಾದ ಪ್ರಶ್ನೆ ದುಡ್ಡಿನದ್ದು. ಬಾವಿ ಕೆಡಿಸಿದ್ದರಿಂದ ಲಾಭ ಆದದ್ದು ಯಾರಿಗೆ, ನಷ್ಟ ಆದದ್ದು ಯಾರಿಗೆ, ಆ ನಷ್ಟವನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಇದನ್ನು ಕುರಿತು ಯೋಚಿಸುವ ಶಾಸ್ತ್ರಕ್ಕೆ ಪರಿಸರ ಅರ್ಥಶಾಸ್ತ್ರ ಎನ್ನುತ್ತಾರೆ. ಹೆಸರು ದೊಡ್ಡದು. ಆದರೆ ಸಂಘದ ಉಳಿತಾಯ, ಸಾಲ, ಬಡ್ಡಿಯ ಪುಸ್ತಕ ಬರೆಯುವ ನಮ್ಮ ಮಹಿಳೆಯರಿಗೆ ಇದು ಅರ್ಥವಾಗದ ವಿಷಯ ಖಂಡಿತಾ ಅಲ್ಲ.

1. ಲೆಕ್ಕದ ಪುಸ್ತಕದಲ್ಲಿ ಇಲ್ಲದ ಖರ್ಚು

ನಮ್ಮ ಕರ್ನಾಟಕದ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿ ಕೋಲಾರ, ಆಂಧ್ರದ ಮೂಲಕ ತಮಿಳುನಾಡಿನ ವೆಲ್ಲೂರು ಕಡೆ ಹರಿಯುತ್ತದೆ. ಆ ಭಾಗದ ವಾಣಿಯಂಬಾಡಿ, ಆಂಬೂರು, ರಾಣಿಪೇಟೆ ಚರ್ಮ ಹದ ಮಾಡುವ ಉದ್ಯಮಕ್ಕೆ ಹೆಸರಾದ ಊರುಗಳು. ಟ್ಯಾನರಿಯ ಮಾಲೀಕ ಹಸಿ ಚರ್ಮಕ್ಕೆ ದುಡ್ಡು ಕೊಡುತ್ತಾನೆ, ಉಪ್ಪು, ಸುಣ್ಣ, ಕ್ರೋಮಿಯಂ ರಾಸಾಯನಿಕಕ್ಕೆ ದುಡ್ಡು ಕೊಡುತ್ತಾನೆ, ಕರೆಂಟ್ ಬಿಲ್ ಕಟ್ಟುತ್ತಾನೆ, ಕೂಲಿ ಕೊಡುತ್ತಾನೆ. ಒಂದು ಕಿಲೋ ಚರ್ಮ ಸಿದ್ಧವಾಗಲು ಸುಮಾರು 35 ಲೀಟರ್ ನೀರು ಬೇಕು. ಬಳಸಿದ ಆ ನೀರು ಉಪ್ಪು, ರಾಸಾಯನಿಕ ಸೇರಿ ಹೊರಗೆ ಹೋಗುತ್ತದೆ. ಹೊರಗೆ ಅಂದರೆ ಎಲ್ಲಿಗೆ? ಹಳ್ಳಕ್ಕೆ, ಹೊಲಕ್ಕೆ, ನೆಲದೊಳಗಿಂದ ಬಾವಿಗೆ. ಈ ಬಾವಿಗೆ ಮಾತ್ರ ಆತ ಒಂದು ಪೈಸೆಯನ್ನೂ ಕೊಡುವುದಿಲ್ಲ.

ಇದರ ಪರಿಣಾಮ ಸುಪ್ರೀಂ ಕೋರ್ಟಿನ ದಾಖಲೆಯಲ್ಲಿದೆ. ವೆಲ್ಲೂರು ನಾಗರಿಕರ ವೇದಿಕೆ ಹಾಕಿದ್ದ ಕೇಸಿನ ತೀರ್ಪು 1996ರ ಆಗಸ್ಟ್ 28ರಂದು ಬಂತು. ಟ್ಯಾನರಿ ಪ್ರದೇಶದ ಸುಮಾರು 35,000 ಹೆಕ್ಟೇರ್ ಕೃಷಿ ಭೂಮಿ ಭಾಗಶಃ ಅಥವಾ ಪೂರ್ತಿಯಾಗಿ ಬೇಸಾಯಕ್ಕೆ ಬಾರದಂತೆ ಆಗಿದೆ ಎಂಬ ವರದಿಯನ್ನು ಕೋರ್ಟು ಅದರಲ್ಲಿ ಉಲ್ಲೇಖಿಸಿದೆ. ದಿಂಡಿಗಲ್ ಕಡೆಯ 13 ಹಳ್ಳಿಗಳಲ್ಲಿ ಕುಡಿಯಲಿಕ್ಕೆ, ನೀರಾವರಿಗೆ ಬಳಸುತ್ತಿದ್ದ 467 ಬಾವಿಗಳಲ್ಲಿ 350 ಕೆಟ್ಟಿದ್ದವು ಎಂದು ಒಂದು ಸ್ವಯಂಸೇವಾ ಸಂಸ್ಥೆಯ ಸಮೀಕ್ಷೆ ತಿಳಿಸಿತ್ತು. ಕುಡಿಯುವ ನೀರಿಗೆ ಹೆಂಗಸರು ಮಕ್ಕಳು ಮೈಲುಗಟ್ಟಲೆ ನಡೆಯಬೇಕಾಯಿತು.

ಈಗ ಲೆಕ್ಕ ನೋಡಿ. ಆ ಹೆಂಗಸು ದಿನಾ ಎರಡು ಗಂಟೆ ನೀರಿಗೆ ನಡೆದರೆ ಅದು ಒಂದು ಖರ್ಚು. ಬೆಳೆ ಬಾರದೆ ಗಂಡ ಪೇಟೆಗೆ ಕೂಲಿಗೆ ಹೋದರೆ ಅದೂ ಖರ್ಚು. ಚರ್ಮದ ಕಾಯಿಲೆಯ ಔಷಧಿಯೂ ಖರ್ಚು. ಇವೆಲ್ಲ ಚಪ್ಪಲಿ, ಬ್ಯಾಗು ತಯಾರಿಸುವ ಖರ್ಚೇ. ಆದರೆ ಕಾರ್ಖಾನೆಯ ಪುಸ್ತಕದಲ್ಲಿ ಇಲ್ಲ, ಹಳ್ಳಿಯ ಮನೆಯ ಪುಸ್ತಕದಲ್ಲಿ ಇದೆ. ಯಾರದ್ದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗೆ. ಅರ್ಥಶಾಸ್ತ್ರಜ್ಞರು ಇದನ್ನು ಬಾಹ್ಯ ವೆಚ್ಚ ಎನ್ನುತ್ತಾರೆ, ಅಂದರೆ ಮಾಡಿದವನು ಹೊರಗಿನವರ ತಲೆಗೆ ಕಟ್ಟುವ ವೆಚ್ಚ.

ಇದರಲ್ಲಿ ಒಂದು ಮುಖ್ಯ ಅಂಶವಿದೆ. ಮಾಲೀಕ ಕೆಟ್ಟವನೇ ಆಗಿರಬೇಕು ಅಂತ ಇಲ್ಲ. ಒಳ್ಳೆಯ ಮಾಲೀಕ ತನ್ನ ದುಡ್ಡಿನಲ್ಲಿ ನೀರು ಶುದ್ಧ ಮಾಡಿದರೆ ಅವನ ಚರ್ಮದ ಬೆಲೆ ಹೆಚ್ಚಾಗುತ್ತದೆ, ಪಕ್ಕದವನದ್ದು ಕಡಿಮೆ ಇರುತ್ತದೆ, ಗಿರಾಕಿ ಪಕ್ಕದವನ ಕಡೆ ಹೋಗುತ್ತಾನೆ. ನಿಯಮ ಇಲ್ಲದ ಕಡೆ ಒಳ್ಳೆಯವನಿಗೇ ಶಿಕ್ಷೆ. ಆದ್ದರಿಂದ ಬರೀ ಉಪದೇಶ ಸಾಲದು, ಎಲ್ಲರಿಗೂ ಅನ್ವಯಿಸುವ ನೀತಿ ಬೇಕು.

2. ಇಬ್ಬರು ವಿದ್ವಾಂಸರು, ಎರಡು ಉತ್ತರ

ಇಂಗ್ಲೆಂಡಿನ ಕೇಂಬ್ರಿಡ್ಜಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿ ಒಂದು ದಾರಿ ತೋರಿಸಿದರು. ಹೊರಗಿನವರಿಗೆ ಎಷ್ಟು ನಷ್ಟ ಆಗುತ್ತದೋ ಅಷ್ಟು ತೆರಿಗೆಯನ್ನು ಮಾಡಿದವನ ಮೇಲೆ ಹಾಕಬೇಕು. ಆಗ ಹೊರಗಿನ ಖರ್ಚು ಅವನ ಪುಸ್ತಕದೊಳಗೆ ಬರುತ್ತದೆ. ತೆರಿಗೆ ಉಳಿಸಬೇಕು ಅಂದರೆ ಹೊಗೆ, ಕೊಳಚೆ ಕಡಿಮೆ ಮಾಡಲೇಬೇಕು.

1960ರಲ್ಲಿ ರೊನಾಲ್ಡ್ ಕೋಸ್ ಎಂಬುವರು ಬೇರೆ ರೀತಿ ಯೋಚಿಸಿದರು. ಅವರಿಗೆ 1991ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರು ತೆಗೆದುಕೊಂಡ ಉದಾಹರಣೆ ಲಂಡನ್ನಿನ ಒಬ್ಬ ಮಿಠಾಯಿ ತಯಾರಕ ಮತ್ತು ಪಕ್ಕದ ಡಾಕ್ಟರದ್ದು. ಮಿಠಾಯಿ ಯಂತ್ರದ ಸದ್ದಿನಿಂದ ಡಾಕ್ಟರಿಗೆ ರೋಗಿಗಳನ್ನು ನೋಡಲು ಆಗುತ್ತಿರಲಿಲ್ಲ. ಹಕ್ಕು ಯಾರದ್ದು ಅಂತ ಸ್ಪಷ್ಟವಾಗಿದ್ದು, ಮಾತುಕತೆಗೆ ಖರ್ಚು ಇಲ್ಲದಿದ್ದರೆ ಇಬ್ಬರೂ ಕೂತು ದುಡ್ಡಿನ ಒಪ್ಪಂದಕ್ಕೆ ಬರಬಹುದು ಎಂದರು ಕೋಸ್. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಕೋಸ್ ಅವರೇ ಒತ್ತಿ ಹೇಳಿದ ಮಾತು ಇನ್ನೊಂದಿದೆ: ನಿಜ ಜೀವನದಲ್ಲಿ ಮಾತುಕತೆಗೆ ಖರ್ಚು ಇದ್ದೇ ಇದೆ. ತಮಿಳುನಾಡಿನ ಐದು ಜಿಲ್ಲೆಗಳಲ್ಲಿ 900ಕ್ಕೂ ಹೆಚ್ಚು ಟ್ಯಾನರಿಗಳಿದ್ದವು, ಬಾಧಿತ ಕುಟುಂಬಗಳು ಸಾವಿರಾರು. ಯಾರ ಬಾವಿಗೆ ಯಾರ ನೀರು ಬಂತು ಅಂತ ಕಂಡುಹಿಡಿಯುವುದು ಹೇಗೆ? ದಿನಗೂಲಿಯ ಹೆಂಗಸು ಎಷ್ಟು ದಿನ ಕೆಲಸ ಬಿಟ್ಟು ಪಂಚಾಯ್ತಿಗೆ ಕೂರುತ್ತಾಳೆ? ದುರ್ಬಲರು ಒಬ್ಬೊಬ್ಬರೇ ಹೋಗಿ ಬಲಿಷ್ಠರ ಜೊತೆ ಚೌಕಾಸಿ ಮಾಡಲು ಆಗುವುದಿಲ್ಲ. ಆದ್ದರಿಂದಲೇ ಕಾನೂನು, ಆದ್ದರಿಂದಲೇ ಸಂಘಟನೆ.

3. ನಮ್ಮ ದೇಶ ಹಿಡಿದ ದಾರಿ

ಭಾರತದಲ್ಲಿ ಜಲ ಮಾಲಿನ್ಯ ಕಾಯ್ದೆ 1974ರಲ್ಲಿ ಬಂತು, ವಾಯು ಮಾಲಿನ್ಯ ಕಾಯ್ದೆ 1981ರಲ್ಲಿ. 1984ರ ಭೋಪಾಲ್ ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಇವು ಆಜ್ಞೆ ಮತ್ತು ನಿಯಂತ್ರಣದ ದಾರಿ. ಸರ್ಕಾರ ಮಿತಿ ನಿಗದಿ ಮಾಡುತ್ತದೆ, ಕಾರ್ಖಾನೆ ಮಂಡಳಿಯಿಂದ ಸಮ್ಮತಿ ಪತ್ರ ಪಡೆಯಬೇಕು, ಮಿತಿ ಮೀರಿದರೆ ನೋಟಿಸು, ಕೇಸು, ಮುಚ್ಚುವ ಆದೇಶ.

ಈ ದಾರಿ ಸರಳ, ಎಲ್ಲರಿಗೂ ಅರ್ಥ ಆಗುತ್ತದೆ. ಆದರೆ ಇದರಲ್ಲಿ ಮೂರು ತೂತುಗಳಿವೆ.

ಮೊದಲನೆಯದು, ಸಾಂದ್ರತೆ ಮತ್ತು ಒಟ್ಟು ಪ್ರಮಾಣದ ವ್ಯತ್ಯಾಸ. ನದಿ ಹಳ್ಳಗಳಿಗೆ ಬಿಡುವ ತ್ಯಾಜ್ಯನೀರಿನಲ್ಲಿ ಬಿಓಡಿ ಎಂಬ ಕೊಳಕಿನ ಅಳತೆ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು ಎಂಬ ಸಾಮಾನ್ಯ ಮಿತಿ ಇದೆ. ದಿನಕ್ಕೆ ಒಂದು ಲಕ್ಷ ಲೀಟರ್ ಬಿಡುವ ಕಾರ್ಖಾನೆ ಈ ಮಿತಿಯಲ್ಲೇ ಇದ್ದರೂ 3 ಕಿಲೋ ಕೊಳಕು ಹಳ್ಳಕ್ಕೆ ಸೇರುತ್ತದೆ. ಅಂಥ ಹತ್ತು ಕಾರ್ಖಾನೆ ಬಂದರೆ 30 ಕಿಲೋ. ಹತ್ತೂ ಕಾನೂನಿನ ಒಳಗೇ ಇವೆ, ಹಳ್ಳ ಮಾತ್ರ ಸತ್ತುಹೋಯಿತು! ಇನ್ನು ಕೊಳಕು ನೀರಿಗೆ ಬೋರ್‌ವೆಲ್ ನೀರು ಬೆರೆಸಿ ತೆಳು ಮಾಡಿದರೆ ಲೀಟರಿನ ಲೆಕ್ಕ ಸರಿಹೋಗುತ್ತದೆ, ಕೊಳಕು ಒಂದು ಗ್ರಾಮೂ ಕಡಿಮೆ ಆಗುವುದಿಲ್ಲ, ಅಂತರ್ಜಲ ಬೇರೆ ಖಾಲಿ. ಆದ್ದರಿಂದ ಲೀಟರಿಗೆ ಎಷ್ಟು ಅಂತ ಕೇಳಿದರೆ ಸಾಲದು, ದಿನಕ್ಕೆ ಒಟ್ಟು ಎಷ್ಟು ಅಂತಲೂ ಕೇಳಬೇಕು.

ಎರಡನೆಯದು, ಶಿಕ್ಷೆ ತೀರಾ ದೊಡ್ಡದು ಅಥವಾ ತೀರಾ ಚಿಕ್ಕದು. ಮುಚ್ಚುವ ಆದೇಶ ಅಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ನೂರಾರು ಜನರ ಕೆಲಸ ಹೋಗುತ್ತದೆ ಅಂತ ಅಧಿಕಾರಿಗಳು ಅದನ್ನು ಬಳಸಲು ಹಿಂಜರಿಯುತ್ತಾರೆ. ನಮ್ಮ ಸಂಘದವರಲ್ಲೇ ಭಿನ್ನಾಭಿಪ್ರಾಯ ಬರುತ್ತದೆ. ಒಬ್ಬಳ ಬಾವಿ ಕೆಟ್ಟಿದೆ, ಇನ್ನೊಬ್ಬಳ ಮಗ ಅದೇ ಕಾರ್ಖಾನೆಯಲ್ಲಿ ದುಡಿಯುತ್ತಾನೆ. "ಮುಚ್ಚಿಸಿ" ಮತ್ತು "ಸುಮ್ಮನಿರಿ" ಎಂಬ ಎರಡೇ ದಾರಿ ಇದ್ದರೆ ಕೊನೆಗೆ ಗೆಲ್ಲುವುದು "ಸುಮ್ಮನಿರಿ" ಎಂಬುದೇ.

ಮೂರನೆಯದು, ಎಲ್ಲರಿಗೂ ಒಂದೇ ಅಳತೆಯ ಅಂಗಿ. ಕೆಲವರಿಗೆ ಮಾಲಿನ್ಯ ಕಡಿಮೆ ಮಾಡುವುದು ಸುಲಭ, ಕೆಲವರಿಗೆ ಕಷ್ಟ. ನಿಯಮ ಈ ವ್ಯತ್ಯಾಸ ನೋಡುವುದಿಲ್ಲ.

4. ಮಿತಿ ಹಾಕಿ, ವಿನಿಮಯಕ್ಕೆ ಬಿಡುವುದು

ಮೂರನೆಯ ತೂತಿಗೆ ಪರಿಹಾರ ಹೇಗೆ? ಲೆಕ್ಕಕ್ಕಾಗಿ ಎರಡು ಕಾರ್ಖಾನೆಗಳನ್ನು ಊಹಿಸಿಕೊಳ್ಳಿ. ಒಂದು ಟನ್ ಧೂಳು ಕಡಿಮೆ ಮಾಡಲು ಮೊದಲನೆಯದಕ್ಕೆ 5,000 ರೂಪಾಯಿ ಖರ್ಚು, ಎರಡನೆಯದಕ್ಕೆ 15,000 ರೂಪಾಯಿ. ಊರಿನ ಗಾಳಿ ಸರಿಹೋಗಲು ಒಟ್ಟು 20 ಟನ್ ಕಡಿಮೆ ಆಗಬೇಕು.

ಇಬ್ಬರೂ 10 ಟನ್ ಕಡಿಮೆ ಮಾಡಿ ಎಂದರೆ ಮೊದಲನೆಯವನಿಗೆ 50,000, ಎರಡನೆಯವನಿಗೆ 1,50,000, ಒಟ್ಟು 2 ಲಕ್ಷ ರೂಪಾಯಿ. ಅದರ ಬದಲು ಮೊದಲನೆಯವನೇ 20 ಟನ್ ಕಡಿಮೆ ಮಾಡಿದರೆ ಒಟ್ಟು ಖರ್ಚು 1 ಲಕ್ಷ. ಅವನು ಯಾಕೆ ಮಾಡುತ್ತಾನೆ? ಎರಡನೆಯವನು ತನ್ನ ಪಾಲಿನ 10 ಟನ್ನಿಗೆ ಟನ್ನಿಗೆ 10,000ದಂತೆ 1 ಲಕ್ಷ ಕೊಟ್ಟರೆ ಮಾಡುತ್ತಾನೆ. ಆಗ ಮೊದಲನೆಯವನ ಪೂರ್ತಿ ಖರ್ಚು ವಾಪಸ್ ಬಂತು. ಎರಡನೆಯವನಿಗೆ 1,50,000ದ ಬದಲು 1 ಲಕ್ಷದಲ್ಲಿ ಮುಗಿಯಿತು. ಇಬ್ಬರಿಗೂ 50,000 ಉಳಿತಾಯ, ಗಾಳಿಯಲ್ಲಿ ಅದೇ 20 ಟನ್ ಧೂಳು ಕಡಿಮೆ.

ಇದನ್ನೇ ದೊಡ್ಡದಾಗಿ ಮಾಡಿದರೆ ಮಾಲಿನ್ಯ ಪರವಾನಗಿಗಳ ಮಾರುಕಟ್ಟೆ ಆಗುತ್ತದೆ. ಸರ್ಕಾರ ಒಟ್ಟು ಮಿತಿ ಹಾಕುತ್ತದೆ, ಅಷ್ಟಕ್ಕೇ ಪರವಾನಗಿ ಹಂಚುತ್ತದೆ, ಹೆಚ್ಚು ಬೇಕಾದವರು ಉಳಿಸಿದವರಿಂದ ಕೊಳ್ಳಬೇಕು. ಅಮೆರಿಕದಲ್ಲಿ ಆಮ್ಲ ಮಳೆ ತಡೆಯಲು 1990ರಲ್ಲಿ ಕಾನೂನು ಮಾಡಿ, 1995ರಿಂದ ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆಗೆ ಈ ಪದ್ಧತಿ ತಂದರು. 2010ಕ್ಕೆ ಮುಟ್ಟಬೇಕಾದ ಗುರಿಯನ್ನು 2007ರಲ್ಲೇ ಮುಟ್ಟಿದರು.

ನಮ್ಮ ದೇಶದಲ್ಲೂ ಇದರ ಪ್ರಯೋಗ ಆಗಿದೆ. ಗುಜರಾತಿನ ಸೂರತ್ ನಗರದಲ್ಲಿ ಬಟ್ಟೆ ಗಿರಣಿಗಳು ಕಲ್ಲಿದ್ದಲಿನ ಬಾಯ್ಲರ್ ಉರಿಸುತ್ತವೆ. 2019ರಲ್ಲಿ ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿ 300ಕ್ಕೂ ಹೆಚ್ಚು ಕಾರ್ಖಾನೆಗಳನ್ನು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಹಳೆಯ ನಿಯಮ, ಇನ್ನೊಂದಕ್ಕೆ ಹೊಸ ಮಾರುಕಟ್ಟೆ. ಚಿಮಣಿಯೊಳಗೆ ಸದಾ ಅಳೆಯುವ ಮೀಟರ್ ಇಟ್ಟರು. ಕಾರ್ಖಾನೆಗಳಿಂದ ಮುಂಗಡ ಠೇವಣಿ ಪಡೆದರು. ಪರವಾನಗಿ ಮೀರಿ ಹೊಗೆ ಬಿಟ್ಟರೆ ಠೇವಣಿಯಿಂದಲೇ ಕಡಿತ, ಕೋರ್ಟಿಗೆ ಅಲೆಯುವ ಅಗತ್ಯವಿಲ್ಲ. ಗ್ರೀನ್‌ಸ್ಟೋನ್, ಪಾಂಡೆ, ರಯಾನ್, ಸುದರ್ಶನ್ ಎಂಬ ಸಂಶೋಧಕರು ಇದನ್ನು ಅಳೆದರು. ಮಾರುಕಟ್ಟೆ ಗುಂಪಿನಲ್ಲಿ ಧೂಳು ಹೊಗೆ ಶೇಕಡಾ 20ರಿಂದ 30ರಷ್ಟು ಕಡಿಮೆ ಆಯಿತು. ಶೇಕಡಾ 99ರಷ್ಟು ಪಾಲನೆ ಆಯಿತು. ಹಳೆಯ ನಿಯಮದ ಗುಂಪಿನಲ್ಲಾದರೋ ಕನಿಷ್ಠ ಮೂರನೇ ಒಂದು ಭಾಗದ ಕಾರ್ಖಾನೆಗಳು ಮಿತಿ ಮೀರುತ್ತಿದ್ದವು. ಮಾಲಿನ್ಯ ಕಡಿಮೆ ಮಾಡುವ ಖರ್ಚೂ ಶೇಕಡಾ 11ರಷ್ಟು ಇಳಿಯಿತು.

ತೆರಿಗೆಗೂ ಇದಕ್ಕೂ ವ್ಯತ್ಯಾಸ ಏನು ಅಂತ ಕೇಳಬಹುದು. ತೆರಿಗೆಯಲ್ಲಿ ಬೆಲೆ ಖಚಿತ, ಎಷ್ಟು ಮಾಲಿನ್ಯ ಕಡಿಮೆ ಆಗುತ್ತದೆ ಅನ್ನುವುದು ಖಚಿತವಲ್ಲ. ಪರವಾನಗಿಯಲ್ಲಿ ಒಟ್ಟು ಮಾಲಿನ್ಯ ಖಚಿತ, ಅದರ ಬೆಲೆ ಎಷ್ಟಕ್ಕೆ ಏರುತ್ತದೋ ಖಚಿತವಲ್ಲ. ಮಿತಿ ಸ್ವಲ್ಪ ಮೀರಿದರೂ ದೊಡ್ಡ ಅಪಾಯ ಆಗುವ ಕಡೆ ಪ್ರಮಾಣವನ್ನೇ ಕಟ್ಟಿಹಾಕುವುದು ಲೇಸು. ವೈಟ್ಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1974ರಲ್ಲೇ ಈ ವ್ಯತ್ಯಾಸವನ್ನು ವಿವರಿಸಿದ್ದರು.

5. ಮಾರಾಟಕ್ಕೆ ಇಡಬಾರದ ವಸ್ತು

ಇಲ್ಲಿ ನಮ್ಮ ಮಹಿಳೆಯರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ದುಡ್ಡು ಕೊಟ್ಟವನು ಹೊಲಸು ಮಾಡಬಹುದು ಅಂತ ಆಯ್ತಲ್ಲ?" ಪ್ರಶ್ನೆ ಸರಿಯಾಗಿಯೇ ಇದೆ. ಮೇಲಿನ ಲೆಕ್ಕದಲ್ಲಿ ಒಂದು ವಿಷಯ ಮುಚ್ಚಿಹೋಗಿದೆ. ಎರಡನೆಯ ಕಾರ್ಖಾನೆ ಒಂದು ಟನ್ನೂ ಕಡಿಮೆ ಮಾಡಲಿಲ್ಲ. ಅದರ ಗೋಡೆಗೆ ಅಂಟಿದ ಕೇರಿಯಲ್ಲಿ ಯಾರು ವಾಸ ಇದ್ದಾರೆ? ಊರಿನ ಒಟ್ಟು ಗಾಳಿ ಸುಧಾರಿಸಿದರೂ ಆ ಕೇರಿಯ ಮಕ್ಕಳ ಕೆಮ್ಮು ಹಾಗೇ ಉಳಿಯಬಹುದು. ಸಾಮಾನ್ಯವಾಗಿ ಅಂಥ ಜಾಗದಲ್ಲಿ ಇರುವವರು ಬಡವರೇ.

ಆದ್ದರಿಂದ ಒಂದು ವಿವೇಚನೆ ಬೇಕು. ಎಲ್ಲ ಕಡೆ ಬೆರೆತು ಹರಡುವ ಹೊಗೆಗೆ ವಿನಿಮಯದ ಪದ್ಧತಿ ಹೊಂದುತ್ತದೆ. ಒಂದೇ ಜಾಗದಲ್ಲಿ ನಿಂತು ಕೊಲ್ಲುವ ವಿಷಕ್ಕೆ ಹೊಂದುವುದಿಲ್ಲ. ಒಂದು ಊರಿನ ಬಾವಿಗೆ ಕ್ರೋಮಿಯಂ ಸೇರಿದರೆ, ಇನ್ನೊಂದು ಊರಿನಲ್ಲಿ ಕಡಿಮೆ ಆಯಿತು ಎಂಬುದರಿಂದ ಈ ಊರಿಗೆ ಸಮಾಧಾನ ಇಲ್ಲ. ಅಲ್ಲಿ ಪ್ರತಿ ಜಾಗಕ್ಕೂ ಕಟ್ಟುನಿಟ್ಟಿನ ಮಿತಿಯೇ ಬೇಕು. ಅಂತರ್ಜಲ ಒಮ್ಮೆ ಕೆಟ್ಟರೆ ಹತ್ತಾರು ವರ್ಷ ಸರಿಹೋಗುವುದಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನ ಇಲ್ಲ. ವೆಲ್ಲೂರಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಎರಡು ತತ್ವಗಳನ್ನು ನಮ್ಮ ದೇಶದ ಕಾನೂನಿನ ಭಾಗ ಎಂದು ಹೇಳಿದ್ದು ಇದಕ್ಕೇ: ಮುನ್ನೆಚ್ಚರಿಕೆ ತತ್ವ, ಮತ್ತು ಮಾಲಿನ್ಯ ಮಾಡಿದವನೇ ಬೆಲೆ ತೆರಬೇಕು ಎಂಬ ತತ್ವ. ಅಪಾಯ ಇಲ್ಲ ಎಂದು ತೋರಿಸುವ ಹೊಣೆ ಕಾರ್ಖಾನೆಯದ್ದು.

6. ಅಳೆಯುವವರು ಯಾರು, ಅವರಿಗೆ ಸಂಬಳ ಯಾರದ್ದು?

ಯಾವ ನೀತಿಯೇ ಇರಲಿ, ಅಳತೆ ಸುಳ್ಳಾದರೆ ಎಲ್ಲವೂ ಸುಳ್ಳು. ಗುಜರಾತಿನಲ್ಲಿ ದೊಡ್ಡ ಕಾರ್ಖಾನೆಗಳು ಖಾಸಗಿ ಆಡಿಟರುಗಳಿಂದ ಮಾಲಿನ್ಯ ಪರೀಕ್ಷೆ ಮಾಡಿಸಿ ವರದಿ ಕೊಡಬೇಕು ಎಂಬ ನಿಯಮ ಇತ್ತು. ಆಡಿಟರನ್ನು ಆರಿಸುವುದೂ, ಫೀಸು ಕೊಡುವುದೂ ಕಾರ್ಖಾನೆಯೇ. ಈ ವರದಿಗಳ ಪ್ರಕಾರ ಧೂಳಿನ ಮಿತಿ ಮೀರಿದ ಕಾರ್ಖಾನೆಗಳು ಕೇವಲ ಶೇಕಡಾ 7. ಸಂಶೋಧಕರು ಬೇರೆಯಾಗಿ ಹೋಗಿ ಅಳೆದಾಗ ನಿಜ ಸಂಖ್ಯೆ ಶೇಕಡಾ 59! ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಆಗ ಒಂದು ಪ್ರಯೋಗ ಮಾಡಿದರು. 2009ರಿಂದ 2011ರವರೆಗೆ ಕೆಲವು ಕಾರ್ಖಾನೆಗಳಿಗೆ ಆಡಿಟರನ್ನು ಚೀಟಿ ಎತ್ತಿ ನೇಮಿಸಿದರು. ಫೀಸನ್ನು ಸಾಮಾನ್ಯ ನಿಧಿಯಿಂದ ಒಂದೇ ದರದಲ್ಲಿ ಕೊಟ್ಟರು. ಕೆಲವು ಅಳತೆಗಳನ್ನು ಇನ್ನೊಬ್ಬರು ಹೋಗಿ ಮರುಪರೀಕ್ಷೆ ಮಾಡಿದರು. ಮಿತಿ ಮೀರಿದ್ದರೂ "ಸರಿ ಇದೆ" ಎಂದು ಬರೆಯುವುದು ಶೇಕಡಾ 80ರಷ್ಟು ಇಳಿಯಿತು. ಕಾರ್ಖಾನೆಗಳ ಮಾಲಿನ್ಯವೂ ಕಡಿಮೆ ಆಯಿತು. ಆಡಿಟರುಗಳ ಗುಣ ಬದಲಾಯಿತು ಅಂತಲ್ಲ, ಅವರಿಗೆ ಸಂಬಳ ಬರುವ ದಾರಿ ಬದಲಾಯಿತು. ನಮ್ಮ ಸಂಘದಲ್ಲೂ ಪುಸ್ತಕ ಬರೆಯುವವರೇ ಲೆಕ್ಕ ತಪಾಸಣೆ ಮಾಡಬಾರದು ಎಂಬ ಪದ್ಧತಿ ಇದೆಯಲ್ಲ, ಅದರ ಅರ್ಥವೂ ಇದೇ.

7. ದಂಡ ಕಟ್ಟಿದರೂ ಲಾಭವೇ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪರಿಸರ ಪರಿಹಾರ ಮೊತ್ತಕ್ಕೆ ಒಂದು ಸೂತ್ರ ಮಾಡಿದೆ. ಕಾರ್ಖಾನೆಯ ವರ್ಗ (ಕೆಂಪು ಆದರೆ 80), ಉಲ್ಲಂಘನೆಯ ದಿನಗಳು, ರೂಪಾಯಿಯ ದರ (ಸಾಮಾನ್ಯವಾಗಿ 250), ಗಾತ್ರ (ಸಣ್ಣದಾದರೆ 0.5), ಊರಿನ ಜನಸಂಖ್ಯೆಯ ಅಂಶ (10 ಲಕ್ಷಕ್ಕಿಂತ ಕಡಿಮೆ ಇದ್ದರೆ 1), ಇವನ್ನು ಗುಣಿಸಬೇಕು. ಕೆಂಪು ವರ್ಗದ ಸಣ್ಣ ಕಾರ್ಖಾನೆ 30 ದಿನ ಉಲ್ಲಂಘನೆ ಮಾಡಿದರೆ 80 × 30 × 250 × 0.5 × 1, ಅಂದರೆ 3 ಲಕ್ಷ ರೂಪಾಯಿ.

ಈಗ ಊಹೆಗೆ, ಆ ಕಾರ್ಖಾನೆ ತನ್ನ ಶುದ್ಧೀಕರಣ ಘಟಕ ನಡೆಸಲು ದಿನಕ್ಕೆ 15,000 ರೂಪಾಯಿ ಖರ್ಚು ಎಂದುಕೊಳ್ಳಿ. ವರ್ಷಕ್ಕೆ 300 ದಿನ ಅಂದರೆ 45 ಲಕ್ಷ. ಘಟಕ ಬಂದ್ ಮಾಡಿ, ವರ್ಷಕ್ಕೊಮ್ಮೆ ಸಿಕ್ಕಿಬಿದ್ದು 3 ಲಕ್ಷ ಕಟ್ಟಿದರೆ 42 ಲಕ್ಷ ಉಳಿತಾಯ! ಮಾಲೀಕ ಲೆಕ್ಕ ಬಲ್ಲವನಾದರೆ ಏನು ಮಾಡುತ್ತಾನೆ, ನೀವೇ ಹೇಳಿ. ದಂಡ ಎಷ್ಟು ಅನ್ನುವುದರ ಜೊತೆಗೆ ಎಷ್ಟು ಬಾರಿ ಸಿಕ್ಕಿಬೀಳುತ್ತಾರೆ ಅನ್ನುವುದೂ ಅಷ್ಟೇ ಮುಖ್ಯ. ಎರಡೂ ಸೇರಿ ಶುದ್ಧೀಕರಣದ ಖರ್ಚಿಗಿಂತ ಹೆಚ್ಚಾದರೆ ಮಾತ್ರ ಘಟಕ ಓಡುತ್ತದೆ. ಸೂತ್ರದಲ್ಲಿ ದಿನಗಳ ಎಣಿಕೆ ಶುರುವಾಗುವುದು ಉಲ್ಲಂಘನೆ ಕಂಡುಬಂದ ದಿನದಿಂದ, ನಿಲ್ಲುವುದು ಸರಿಪಡಿಸಿದ್ದು ಖಚಿತವಾದಾಗ. ಹಾಗಾದರೆ ಊರವರು ಬೇಗ ಲಿಖಿತ ದೂರು ಕೊಟ್ಟು ತಪಾಸಣೆ ಮಾಡಿಸಿದರೆ ಎಣಿಕೆ ಬೇಗ ಶುರು ಆಗುತ್ತದೆ.

ಇತ್ತೀಚಿನ ಎರಡು ಬದಲಾವಣೆ ತಿಳಿದಿರಲಿ. 2023ರ ಜನ ವಿಶ್ವಾಸ್ ಕಾಯ್ದೆಯ ಮೂಲಕ ಪರಿಸರ ಸಂರಕ್ಷಣಾ ಕಾಯ್ದೆ ಮತ್ತು ವಾಯು ಕಾಯ್ದೆಯ ಹೆಚ್ಚಿನ ಉಲ್ಲಂಘನೆಗಳಿಗೆ ಜೈಲು ಶಿಕ್ಷೆ ತೆಗೆದು, 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ಇಟ್ಟರು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಮಾಲಿನ್ಯ ನಿಯಂತ್ರಣ ಮಂಡಳಿಗಳು ಜಲ ಮತ್ತು ವಾಯು ಕಾಯ್ದೆಗಳ ಅಡಿಯಲ್ಲಿ ಪರಿಸರ ಹಾನಿಯ ಪರಿಹಾರವನ್ನು ತಾವೇ ವಿಧಿಸಬಹುದು ಎಂದು ಹೇಳಿತು.

ದಂಡದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ, ಬೆಂಕಿ ಹೊತ್ತಿ ದೇಶಕ್ಕೆಲ್ಲ ಸುದ್ದಿಯಾಯಿತು. ಕಾರಣ ಬಹುಪಾಲು ನಗರದ ಕೊಳಚೆ ನೀರು. 2018ರ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಮಹಾನಗರ ಪಾಲಿಕೆಗೆ 25 ಕೋಟಿ ದಂಡ ವಿಧಿಸಿ, ಕೆರೆ ಸರಿಪಡಿಸಲು 500 ಕೋಟಿ ಪ್ರತ್ಯೇಕ ಖಾತೆಯಲ್ಲಿ ಇಡಲು ಹೇಳಿತು. ಸರ್ಕಾರ ಕಟ್ಟುವ ದಂಡ ನಮ್ಮ ತೆರಿಗೆಯ ದುಡ್ಡೇ. ಆದ್ದರಿಂದ ಸರ್ಕಾರಿ ಸಂಸ್ಥೆಯೇ ಮಾಲಿನ್ಯ ಮಾಡಿದಾಗ ದಂಡಕ್ಕಿಂತ, ಆ ದುಡ್ಡು ಕೆರೆಯ ಕೆಲಸಕ್ಕೇ ಖರ್ಚಾಯಿತೇ ಎಂದು ಕೇಳುವುದು ಮುಖ್ಯ.

ಪಾಲಾರ್ ದಂಡೆಯವರ ಪರಿಹಾರದ ಕಥೆ ಇನ್ನೂ ದೀರ್ಘ. 1996ರಲ್ಲಿ ತೀರ್ಪು ಬಂತು. ಪರಿಹಾರ ನಿಗದಿ ಮಾಡಲು ಪ್ರಾಧಿಕಾರ ರಚನೆ ಆಯಿತು. ಆದರೂ ವಿಷಯ ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಜನವರಿ 30ರಂದು ಕೋರ್ಟು ಪುನಃ ಆದೇಶ ಕೊಡಬೇಕಾಯಿತು: ಬಾಕಿ ಇರುವ ಪರಿಹಾರವನ್ನು ಸರ್ಕಾರ ಮೊದಲು ಕೊಡಲಿ, ಆಮೇಲೆ ಕಾರ್ಖಾನೆಗಳಿಂದ ವಸೂಲು ಮಾಡಲಿ ಎಂದು. ನಡುವೆ 28 ವರ್ಷಕ್ಕೂ ಹೆಚ್ಚು. ಅಷ್ಟರಲ್ಲಿ ಬಾವಿ ಕಳೆದುಕೊಂಡ ಒಂದು ತಲೆಮಾರು ಮುದುಕರಾಗಿದ್ದಾರೆ. ಮೊದಲು ಸಂತ್ರಸ್ತರಿಗೆ ಕೊಡಿ, ವಸೂಲಿಯ ಜಗಳ ಆಮೇಲೆ ಇರಲಿ ಎಂಬ ಈ ಕ್ರಮ ಮೊದಲ ದಿನದಿಂದಲೇ ನೀತಿಯಲ್ಲಿ ಇರಬೇಕಿತ್ತು.

8. ಸೋಡಾ ಬಾಟಲಿಯ ಪಾಠ

ಎಲ್ಲ ಮಾಲಿನ್ಯಕ್ಕೂ ಕೋರ್ಟು ಬೇಕಾಗಿಲ್ಲ. ಹಿಂದೆ ಅಂಗಡಿಯಲ್ಲಿ ಸೋಡಾ ಬಾಟಲಿ ಮನೆಗೆ ತರಬೇಕಾದರೆ ಠೇವಣಿ ಇಡಬೇಕಿತ್ತು, ಬಾಟಲಿ ಕೊಟ್ಟರೆ ದುಡ್ಡು ವಾಪಸ್. ರಸ್ತೆಯಲ್ಲಿ ಬಾಟಲಿ ಬಿದ್ದಿದ್ದರೆ ಮಕ್ಕಳು ಹೆಕ್ಕಿ ತರುತ್ತಿದ್ದರು. ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ 2022ರಲ್ಲಿ ಹೈಕೋರ್ಟಿನ ಸೂಚನೆಯಂತೆ ಸರ್ಕಾರಿ ಮದ್ಯದಂಗಡಿಗಳಲ್ಲಿ ಇದನ್ನೇ ತಂದರು. ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದರೆ ವಾಪಸ್ ಕೊಡುವುದು. ಕಾಡಿನಲ್ಲಿ ಒಡೆದ ಗಾಜು ಪ್ರಾಣಿಗಳ ಕಾಲಿಗೆ ಚುಚ್ಚುತ್ತಿತ್ತು, ಅದಕ್ಕಾಗಿ ಈ ಕ್ರಮ. ಇಲ್ಲಿ ಪೊಲೀಸ್ ಇಲ್ಲ, ಭಾಷಣ ಇಲ್ಲ. ಎಸೆದವನಿಗೆ ನಷ್ಟ, ತಂದವನಿಗೆ ಲಾಭ, ಅಷ್ಟೇ. ನಮ್ಮ ಗ್ರಾಮ ಪಂಚಾಯತಿನ ಜಾತ್ರೆ, ಸಂತೆಗಳಲ್ಲೂ ಇದನ್ನು ಮಾಡಿ ನೋಡಬಹುದು.

9. ಸಂಘಗಳು ಏನು ಮಾಡಬಹುದು?

ಅ) ಒಂದು ಪುಸ್ತಕ ಇಡಿ. ತಾರೀಕು, ಹೊತ್ತು, ನೀರಿನ ಬಣ್ಣ, ವಾಸನೆ, ಯಾರ ಬಾವಿ, ಸತ್ತ ಮೀನು, ಆಸ್ಪತ್ರೆ ಖರ್ಚು, ಎಲ್ಲವನ್ನೂ ಅಂದಂದೇ ಬರೆಯಿರಿ. ರಾತ್ರಿ ಬಿಡುವ ನೀರನ್ನು ಹಗಲು ಬಂದ ಅಧಿಕಾರಿ ನೋಡಲು ಸಾಧ್ಯವಿಲ್ಲ, ನೀವು ನೋಡಬಹುದು.

ಆ) ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಕಾನೂನಿನ ಪ್ರಕಾರ ನೀರಿನ ಮಾದರಿ ತೆಗೆಯಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿಯವರು. ಯಾವಾಗ, ಎಲ್ಲಿ ತೆಗೆಯಬೇಕು ಎಂದು ನಿಮ್ಮ ಪುಸ್ತಕ ಅವರಿಗೆ ತೋರಿಸಲಿ.

ಇ) ಮಾಹಿತಿ ಹಕ್ಕಿನಲ್ಲಿ ಕಾರ್ಖಾನೆಯ ಸಮ್ಮತಿ ಪತ್ರ, ತಪಾಸಣಾ ವರದಿ, ವಿಧಿಸಿದ ಪರಿಹಾರದ ಮೊತ್ತ ಕೇಳಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಒಳಗೆ. ಉತ್ತರಕ್ಕೆ 30 ದಿನ.

ಈ) ದೊಡ್ಡ ಯೋಜನೆ ಬರುವ ಮುಂಚೆ, 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆಯಲ್ಲಿ ಕೆಲಸ ಎಷ್ಟು ಜನಕ್ಕೆ ಅಂತ ಮಾತ್ರ ಕೇಳಬೇಡಿ. ದಿನಕ್ಕೆ ಒಟ್ಟು ಎಷ್ಟು ತ್ಯಾಜ್ಯ, ಅಳೆಯುವವರು ಯಾರು, ಬಾವಿ ಕೆಟ್ಟರೆ ಪರಿಹಾರಕ್ಕೆ ಠೇವಣಿ ಎಲ್ಲಿದೆ ಅಂತಲೂ ಕೇಳಿ. ಹೇಳಿದ್ದು ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ನೋಡಿಕೊಳ್ಳಿ.

ಉ) ಪರಿಹಾರಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬಹುದು. ನಮ್ಮ ರಾಜ್ಯಕ್ಕೆ ಚೆನ್ನೈ ಪೀಠ. 2010ರ ಕಾಯ್ದೆಯ 15ನೇ ಕಲಂನಂತೆ ಪರಿಹಾರದ ಅರ್ಜಿಯನ್ನು ಕಾರಣ ಉಂಟಾದ ದಿನದಿಂದ 5 ವರ್ಷದೊಳಗೆ ಹಾಕಬೇಕು. "ನೋಡೋಣ, ಇನ್ನೊಂದು ಮಳೆಗಾಲ ಕಳೀಲಿ" ಅಂತ ಕಾದರೆ ಹಕ್ಕೇ ಕೈತಪ್ಪಬಹುದು. ಮೇಲಿನ ಪುಸ್ತಕದ ಮೊದಲ ತಾರೀಕು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಾನೂನು ನೆರವಿಗೆ ತಾಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಿ. ಮಹಿಳೆಯರಿಗೆ ಅಲ್ಲಿ ಉಚಿತ ನೆರವಿನ ಹಕ್ಕು ಇದೆ.

ಕಾರ್ಖಾನೆ ಬೇಕೋ ಬೇಡವೋ ಎಂಬ ಜಗಳದಲ್ಲಿ ಊರು ಎರಡು ಪಾಲಾಗುವುದು ಬೇಡ. ಕಾರ್ಖಾನೆ ತನ್ನ ಪೂರ್ತಿ ಖರ್ಚನ್ನು ತಾನೇ ಹೊತ್ತು ನಡೆಯಲಿ ಎಂಬ ಬೇಡಿಕೆಗೆ ಬಾವಿ ಕೆಟ್ಟವಳೂ, ಕೆಲಸಕ್ಕೆ ಹೋಗುವವನ ತಾಯಿಯೂ ಒಟ್ಟಿಗೆ ಸಹಿ ಹಾಕಬಹುದು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಯಾರ ಖರ್ಚು ಯಾರ ಪುಸ್ತಕದಲ್ಲಿ ಸೇರಿದೆ? ಕಾರ್ಖಾನೆ, ಕಲ್ಲು ಕ್ವಾರಿ, ಕೋಳಿ ಫಾರಂ, ಕೀಟನಾಶಕ, ನಮ್ಮದೇ ಮನೆಯ ಬಚ್ಚಲ ನೀರು, ಎಲ್ಲವನ್ನೂ ಯೋಚಿಸಿ.
2. ಅದರಲ್ಲಿ ಯಾವುದಕ್ಕೆ ಕಟ್ಟುನಿಟ್ಟಿನ ನಿಷೇಧ ಬೇಕು? ಯಾವುದಕ್ಕೆ ಶುಲ್ಕ ಸಾಕು? ಯಾವುದಕ್ಕೆ ಠೇವಣಿ ಪದ್ಧತಿ ಹೊಂದುತ್ತದೆ?
3. ನಮ್ಮ ಹತ್ತಿರದ ಘಟಕದ ಅಳತೆ ಮಾಡುವವರು ಯಾರು? ಅವರಿಗೆ ದುಡ್ಡು ಕೊಡುವವರು ಯಾರು?
4. ಮುಂದಿನ ಸಭೆಗೆ ಪ್ರತಿ ಸಂಘ ಮೂರು ಬಾವಿಗಳ ವಿವರ ಬರೆದು ತರಲಿ: ಐದು ವರ್ಷದ ಹಿಂದೆ ನೀರು ಹೇಗಿತ್ತು, ಈಗ ಹೇಗಿದೆ, ಬದಲಾವಣೆ ಮೊದಲು ಕಂಡದ್ದು ಯಾವ ತಿಂಗಳು.